ಟೊಂಕದ ನಾಳಸಂಕೋಚವೂ ಅಂತರ್ದರ್ಶಕ ಶಸ್ತ್ರಕ್ರಿಯೆಯೂ

(ಮಹೋತ್ಸವದ ಉಪನ್ಯಾಸಮಾಲೆಯಲ್ಲಿ ಓದಿದುದು)

 

ಮಠದ ಮಹೋತ್ಸವದಲ್ಲಿ ಷಟ್‌ಸ್ಥಲ, ಅಷ್ಟಾವರಣ, ಪಂಚಾಚಾರಗಳ ವಿಚಾರವನ್ನು ಬಿಟ್ಟು ಟೊಂಕದ ಬೇನೆಯ ವಿಚಾರವನ್ನು ಎತ್ತಿಕೊಂಡುದೇಕೆಂದು ಕೆಲವರಿಗೆ ತೋರಬಹುದು. ಆದರೆ ಶರಣಧರ್ಮದಲ್ಲಿ ದೇಹವು ಹೇಯವಸ್ತುವಲ್ಲವೆಂಬುದನ್ನು ಸಭಿಕರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಇಷ್ಟಲಿಂಗಕ್ಕೆ ಆಶ್ರಯವಾಗಿರುವುದು ಈ ಅಂಗವೇ; ಕಾಯಕವನ್ನು ನಡೆಯಿಸುವುದು ಈ ಕೈಕಾಲುಗಳೇ; ದಾಸೋಹದ ಕೊಪ್ಪರಿಗೆಗೆ ನೀರು ಹೊರುವುದು ಈ ಬೆನ್ನೇ. ಅಂದಮೇಲೆ ಬೆನ್ನಿನ ಕೇಡನ್ನು ತಿಳಿದು ಅದಕ್ಕೆ ತಕ್ಕ ಪರಿಹಾರವನ್ನು ಅರಸುವುದು ಧರ್ಮಕ್ಕೆ ಹೊರಗಾದ ವಿಷಯವೆಂದು ಯಾರೂ ಭಾವಿಸಲಾಗದು.

ವಯಸ್ಸಾದ ಭಕ್ತರಲ್ಲಿ ಒಂದು ವಿಚಿತ್ರವಾದ ತೊಂದರೆ ಕಂಡುಬರುವುದುಂಟು. ಅವರು ಪೂಜೆಗೆ ಕುಳಿತರೆ ಗಂಟೆಗಟ್ಟಲೆ ಸುಖವಾಗಿ ಕುಳಿತಿರುವರು. ಆದರೆ ಗದ್ದುಗೆಯ ದರ್ಶನಕ್ಕೆ ಸಾಲಿನಲ್ಲಿ ಹತ್ತು ನಿಮಿಷ ನಿಂತರೆ ತೊಡೆಗಳು ಭಾರವಾಗಿ, ಮೀನಖಂಡಗಳು ಸೆಳೆದು, ಪಾದಗಳು ಜೋಮುಹಿಡಿದಂತಾಗಿ ಅಲ್ಲಿಯೇ ಕುಸಿದು ಕೂರುವರು. ಕುಳಿತ ಕೆಲವು ನಿಮಿಷಗಳಲ್ಲಿ ಎಲ್ಲವೂ ಸರಿಹೋಗುವುದು. ಎದ್ದು ನಡೆದರೆ ಮತ್ತೆ ಅದೇ ಪಾಡು. ಸೈಕಲ್ಲು ತುಳಿಯಬಲ್ಲವನು ನಡೆಯಲಾರನು. ಏರು ಹತ್ತುವಾಗ ಅಷ್ಟು ತೊಂದರೆಯಿಲ್ಲ, ಇಳಿಜಾರಿನಲ್ಲಿ ಹೆಚ್ಚು. ಇದನ್ನು ನೋಡಿದ ಮನೆಯವರು, "ಕುಳಿತಾಗ ಇಲ್ಲದ ನೋವು ನಿಂತಾಗ ಎಲ್ಲಿಂದ ಬಂತು? ಇದು ಮೈಗಳ್ಳತನ" ಎಂದು ಆಡಿಕೊಳ್ಳುವುದೂ ಉಂಟು. ದುಡಿದು ಸವೆದ ಹಿರಿಯರಿಗೆ ಕಾಲಿನ ನೋವಿಗಿಂತ ಈ ಮಾತಿನ ನೋವೇ ಹೆಚ್ಚು. ಆದುದರಿಂದ ಮೊಟ್ಟಮೊದಲು ತಿಳಿಯತಕ್ಕ ಸಂಗತಿಯೇನೆಂದರೆ, ಇದು ನಟನೆಯಲ್ಲ. ಲಕ್ಷಣಗಳು ಸ್ಪಷ್ಟವಾಗಿರುವ ಒಂದು ವ್ಯಾಧಿ. ಅದರ ಹೆಸರು ಟೊಂಕದ ನಾಳಸಂಕೋಚ. ಡಾಕ್ಟರು ಇದನ್ನು ಲಂಬಾರ್ ಸ್ಟಿನೋಸಿಸ್ ಎಂದು ಕರೆಯುವರು.

ಬೆನ್ನೆಲುಬಿನ ರಚನೆಯನ್ನು ಸಂಗ್ರಹವಾಗಿ ನೋಡೋಣ. ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5, ಹೀಗೆ ಬಿಡಿಬಿಡಿಯಾದ 24 ಮಣಿಗಳೂ, ಅವುಗಳ ಕೆಳಗೆ ಒಂದಕ್ಕೊಂದು ಬೆಸೆದುಕೊಂಡ ತ್ರಿಕಾಸ್ಥಿ, ಅನುತ್ರಿಕಾಸ್ಥಿಗಳೂ ಸೇರಿ ಬೆನ್ನೆಲುಬಾಗಿರುವುದು. ಮಣಿ ಮಣಿಗಳ ನಡುವೆ ಒಂದೊಂದು ಗಾದಿಯುಂಟು, ಇದನ್ನೇ ಡಿಸ್ಕೆನ್ನುವುದು. ಪ್ರತಿಯೊಂದು ಮಣಿಯ ಹಿಂಭಾಗದಲ್ಲಿ ಎಲುಬಿನ ಕಮಾನೊಂದಿದ್ದು, ಈ ಕಮಾನುಗಳು ಒಂದರ ಕೆಳಗೊಂದು ನಿಂತು ಕೊಳವೆಯಂಥ ನಾಳವಾಗಿರುವುವು. ಆ ನಾಳದಲ್ಲಿ ಮಿದುಳಿನಿಂದ ಇಳಿದುಬಂದ ಬೆನ್ನುಹುರಿಯು ಸುರಕ್ಷಿತವಾಗಿರುವುದು. ಪ್ರಾಯಸ್ಥರಲ್ಲಿ ಬೆನ್ನುಹುರಿಯು ಸೊಂಟದ ಮೊದಲನೆಯ ಅಥವಾ ಎರಡನೆಯ ಮಣಿಯ ಹತ್ತಿರ ಮುಗಿದು, ಅಲ್ಲಿಂದ ಕೆಳಗೆ ನರಗಳ ಎಳೆಗಳು ಕುದುರೆಯ ಬಾಲದಂತೆ ಜೋಲುಬಿದ್ದಿರುವುವು. ಕಾಲುಗಳ ಚಲನೆ, ಪಾದಗಳ ಸ್ಪರ್ಶಜ್ಞಾನ, ಮಲಮೂತ್ರಗಳ ಹತೋಟಿ ಇವೆಲ್ಲವೂ ಆ ಎಳೆಗಳ ಅಧೀನವಾಗಿರುವುವು.

ಕಮಾನುಗಳನ್ನು ಒಂದಕ್ಕೊಂದು ಕಟ್ಟಿರುವ ಹಳದಿ ಬಣ್ಣದ ಅಸ್ಥಿರಜ್ಜುವೊಂದುಂಟು. ಯೌವನದಲ್ಲಿ ಇದು ತೆಳ್ಳಗೂ ಸ್ಥಿತಿಸ್ಥಾಪಕವಾಗಿಯೂ ಇರುವುದು. ವಯಸ್ಸು ಕಳೆದಂತೆ ಡಿಸ್ಕಿನ ನೀರಿನಂಶ ಬತ್ತಿ ಗಾದಿಯು ತಗ್ಗುವುದು. ಅದರ ಅಂಚು ಹಿಂದಕ್ಕೆ ಉಬ್ಬುವುದು. ಭಾರವೆಲ್ಲ ಹಿಂಭಾಗದ ಕೀಲುಗಳ ಮೇಲೆ ಬಿದ್ದು ಅವು ದಪ್ಪನಾಗುವುವು. ಹಳದಿ ರಜ್ಜುವು ಮಡಿಸಿ ಒರಟಾಗುವುದು. ಮುಂದಿನಿಂದ ಗಾದಿ, ಪಕ್ಕಗಳಿಂದ ಕೀಲು, ಹಿಂದಿನಿಂದ ರಜ್ಜು, ಹೀಗೆ ಮೂರು ಕಡೆಯಿಂದಲೂ ಒತ್ತಿಬಂದು ನಡುವಣ ನಾಳವು ಕಿರಿದಾಗುವುದು. ಸೊಂಟದ ನಾಲ್ಕನೆಯ ಮತ್ತು ಐದನೆಯ ಮಣಿಗಳ ನಡುವೆ ಇದು ಎಲ್ಲಕ್ಕಿಂತ ಹೆಚ್ಚಾಗಿ ಕಾಣಬರುವುದು. ಕೆಲವರಿಗೆ ಹುಟ್ಟಿನಿಂದಲೇ ನಾಳವು ಚಿಕ್ಕದಾಗಿದ್ದು ತೊಂದರೆಯು ಬೇಗನೆ ತಲೆದೋರುವುದುಂಟು. ಆದರೆ ಬಹುಮಟ್ಟಿಗೆ ಇದು ಐವತ್ತು, ಅರುವತ್ತು ದಾಟಿದವರ ವ್ಯಾಧಿ.

ಕುಳಿತರೆ ಸುಖ, ನಿಂತರೆ ದುಃಖ ಎಂಬುದರ ಕಾರಣವೂ ಇಲ್ಲಿಯೇ ಇರುವುದು. ಬೆನ್ನು ನೆಟ್ಟಗಾದಾಗ ಅಥವಾ ಹಿಂದಕ್ಕೆ ಬಾಗಿದಾಗ ಹಳದಿ ರಜ್ಜುವು ಮಡಿಕೆಯಾಗಿ ನಾಳದೊಳಕ್ಕೆ ಚಾಚುವುದು. ಮುಂದಕ್ಕೆ ಬಾಗಿದಾಗ ಅದು ಎಳೆದುಕೊಂಡು ತೆಳ್ಳಗಾಗಿ ನಾಳಕ್ಕೆ ತುಸು ಎಡೆಯಾಗುವುದು. ಆದುದರಿಂದಲೇ ಈ ರೋಗಿಗಳು ಕೋಲೂರಿ ಬಾಗಿ ನಡೆಯುವರು. ಕಟ್ಟೆಯನ್ನು ಕಂಡೊಡನೆ ಕೂರುವರು. ರಕ್ತನಾಳಗಳು ಕಟ್ಟಿಕೊಂಡಾಗಲೂ ನಡೆದರೆ ಮೀನಖಂಡವು ನೋಯುವುದುಂಟು. ಆದರೆ ಅದರಲ್ಲಿ ಸುಮ್ಮನೆ ನಿಂತರೂ ನೋವು ಇಳಿಯುವುದು. ನಾಳಸಂಕೋಚದಲ್ಲಿ ನಿಂತರೆ ಇಳಿಯದು, ಕುಳಿತರೆ ಅಥವಾ ಬಾಗಿದರೆ ಮಾತ್ರ ಇಳಿಯುವುದು. ಮಧುಮೇಹದಿಂದಲೂ ಪಾದಗಳು ಜೋಮುಹಿಡಿಯುವುವು. ಅದು ಕುಳಿತರೂ ಮಲಗಿದರೂ ಹೋಗದು. ತೊಡೆಯ ಬುಡದ ಕೀಲು ಸವೆದರೂ ನಡಿಗೆ ಕೆಡುವುದು. ಈ ಭೇದಗಳನ್ನು ಅರಿಯದೆ ಎಲ್ಲ ಕಾಲುನೋವನ್ನೂ ವಾತವೆಂದು ಒಂದೇ ಗಂಟಿಗೆ ಕಟ್ಟುವುದು ಸರಿಯಲ್ಲ.

ಪ್ರಾಚೀನರು ಇದನ್ನು ತೀರ ಅರಿಯದವರಾಗಿದ್ದರೇ ಎಂದರೆ, ಹಾಗಲ್ಲ. ಸೊಂಟದಿಂದ ಹೊರಟು ತೊಡೆ, ಮೊಣಕಾಲು, ಪಾದಗಳವರೆಗೆ ಇಳಿಯುವ ನೋವನ್ನು ಆಯುರ್ವೇದದಲ್ಲಿ ಗೃಧ್ರಸೀ ಎಂದು ಕರೆದು ವಾತವ್ಯಾಧಿಗಳಲ್ಲಿ ಸೇರಿಸಿರುವರು. ಆದರೆ ಎಲುಬಿನ ನಾಳವೇ ಕಿರಿದಾಗಿ ನರಗಳನ್ನು ಅಮುಕುವುದೆಂಬ ನಿದಾನವು ಈಚಿನ ಕಾಲದ್ದು. ಹಾಲೆಂಡು ದೇಶದ ಉಟ್ರೆಕ್ಟ್ ನಗರದ ಶಸ್ತ್ರವೈದ್ಯ ಹೆಂಕ್ ವರ್ಬೀಸ್ಟ್ ಎಂಬವರು 1954ರಲ್ಲಿ ಪ್ರಕಟಿಸಿದ ಲೇಖನದಿಂದ ಈ ವ್ಯಾಧಿಯ ಸ್ವರೂಪವು ವೈದ್ಯಲೋಕಕ್ಕೆ ಚೆನ್ನಾಗಿ ಮನದಟ್ಟಾಯಿತು. ನಿಂತಾಗ, ನಡೆದಾಗ ಕಾಲುಗಳು ಸೋಲುವ, ಮಲಗಿದೊಡನೆ ಸರಿಹೋಗುವ ರೋಗಿಗಳನ್ನು ಅವರು ವರ್ಣಿಸಿ, ನಾಳದ ಇಕ್ಕಟ್ಟೇ ಅದಕ್ಕೆ ಕಾರಣವೆಂದು ತೋರಿಸಿಕೊಟ್ಟರು.

ಒಳಗಿನದನ್ನು ಹೊರಗಿನಿಂದ ಕಾಣುವ ಸಾಧನಗಳು ಬೆಳೆದಂತೆ ಈ ಜ್ಞಾನವು ನಿಖರವಾಯಿತು. 1895ರಲ್ಲಿ ರೋಂಟ್‌ಗನ್ ಎಂಬವರು ಕಂಡುಹಿಡಿದ ಕ್ಷ-ಕಿರಣವು ಎಲುಬನ್ನು ತೋರಿಸಿತೇ ಹೊರತು ನರವನ್ನು ತೋರಿಸಲಿಲ್ಲ. 1971ರಲ್ಲಿ ಮೊದಲ ಸಲ ರೋಗಿಗೆ ಬಳಸಲಾದ ಸಿ.ಟಿ. ಯಂತ್ರವು ದೇಹವನ್ನು ಹೋಳುಹೋಳಾಗಿ ಕತ್ತರಿಸಿದಂತೆ ಚಿತ್ರಿಸಿತು. ಆಮೇಲೆ ಬಂದ ಎಂ.ಆರ್.ಐ. ಯಂತ್ರವು ಅಯಸ್ಕಾಂತದ ಬಲದಿಂದ ನರ, ಡಿಸ್ಕು, ರಜ್ಜುಗಳನ್ನು ಬೇರೆಬೇರೆಯಾಗಿ ತೋರಿಸುತ್ತಿರುವುದು. ಆದರೆ ಇಲ್ಲೊಂದು ಎಚ್ಚರಿಕೆಯ ಮಾತುಂಟು. 1990ರಲ್ಲಿ ಅಮೆರಿಕದ ವೈದ್ಯರು ಬೆನ್ನುನೋವೇ ಇಲ್ಲದ 67 ಮಂದಿಯ ಎಂ.ಆರ್.ಐ. ಚಿತ್ರಗಳನ್ನು ಪರಿಶೀಲಿಸಿದಾಗ, ಅವರಲ್ಲಿ ಅರುವತ್ತು ದಾಟಿದವರ ಪೈಕಿ ನೂರಕ್ಕೆ 21 ಮಂದಿಯಲ್ಲಿ ನಾಳಸಂಕೋಚವು ಕಾಣಿಸಿತು. ಅವರಿಗೆ ಯಾವ ಬೇನೆಯೂ ಇದ್ದಿಲ್ಲ. ಇದರಿಂದ ತಿಳಿಯತಕ್ಕುದೇನೆಂದರೆ, ಚಿತ್ರದಲ್ಲಿ ಕಂಡುದೆಲ್ಲ ರೋಗವಲ್ಲ. ಚಿತ್ರವೂ ರೋಗಿಯ ಮಾತೂ ವೈದ್ಯನ ಕೈಪರೀಕ್ಷೆಯೂ ಮೂರೂ ಒಂದೇ ಮಾತನ್ನು ಹೇಳಿದರೆ ಮಾತ್ರ ಅದು ನಿರ್ಣಯ. ಬರಿಯ ಚಿತ್ರವನ್ನು ನೋಡಿ ಶಸ್ತ್ರವನ್ನು ಎತ್ತಿಕೊಳ್ಳುವುದು ವೈದ್ಯಧರ್ಮವಲ್ಲ.

ಇನ್ನು ಚಿಕಿತ್ಸೆಯ ವಿಷಯ. ಈ ವ್ಯಾಧಿಯಿದ್ದವರೆಲ್ಲರಿಗೂ ಶಸ್ತ್ರವು ಬೇಕಾಗುವುದಿಲ್ಲ. ಅನೇಕರು ವರ್ಷಗಟ್ಟಲೆ ಒಂದೇ ಸ್ಥಿತಿಯಲ್ಲಿರುವರು. ಕೆಲವರಿಗೆ ತಾನಾಗಿ ಇಳಿಮುಖವಾಗುವುದೂ ಉಂಟು. ಸೊಂಟವನ್ನು ಮುಂದಕ್ಕೆ ಬಾಗಿಸುವ ವ್ಯಾಯಾಮ, ಹೊಟ್ಟೆಯ ಸ್ನಾಯುಗಳಿಗೆ ಬಲ ತರುವ ಅಭ್ಯಾಸ, ನಿಂತ ಸೈಕಲ್ಲಿನ ತುಳಿತ, ತೂಕವನ್ನು ಇಳಿಸುವುದು, ಕೋಲಿನ ಆಸರೆ, ನಡುನಡುವೆ ಕುಳಿತು ನಡೆಯುವ ಕ್ರಮ ಇವು ಮೊದಲನೆಯ ಉಪಾಯಗಳು. ನೋವಿನ ಮಾತ್ರೆಗಳನ್ನು ವೈದ್ಯರ ಅಪ್ಪಣೆಯಿಲ್ಲದೆ ತಿಂಗಳುಗಟ್ಟಲೆ ನುಂಗಿದರೆ ಮೂತ್ರಪಿಂಡ, ಜಠರಗಳು ಕೆಡುವುವೆಂಬುದನ್ನು ಮರೆಯಬಾರದು. ಬೆನ್ನಿಗೆ ಸ್ಟಿರಾಯ್ಡ್ ಸೂಜಿ ಹಾಕಿಸುವ ಪದ್ಧತಿಯೂ ಬಹಳವಾಗಿರುವುದು. ಆದರೆ 2014ರಲ್ಲಿ ಪ್ರಕಟವಾದ, 400 ರೋಗಿಗಳ ಮೇಲೆ ನಡೆದ ಪರೀಕ್ಷೆಯೊಂದರಲ್ಲಿ, ಬರಿಯ ಮರಗಟ್ಟಿಸುವ ಔಷಧಕ್ಕಿಂತ ಸ್ಟಿರಾಯ್ಡ್ ಸೇರಿಸಿದುದರಿಂದ ವಿಶೇಷ ಲಾಭವೇನೂ ಕಂಡುಬರಲಿಲ್ಲ. 2015ರ ಮತ್ತೊಂದು ಪರೀಕ್ಷೆಯಲ್ಲಿ 169 ರೋಗಿಗಳನ್ನು ಶಸ್ತ್ರಕ್ರಿಯೆ, ವ್ಯಾಯಾಮ ಎಂಬ ಎರಡು ಪಂಗಡಗಳಾಗಿ ಮಾಡಿ ನೋಡಲಾಗಿ, ಎರಡು ವರ್ಷಗಳ ಕೊನೆಗೆ ಎರಡು ಪಂಗಡಗಳ ಸ್ಥಿತಿಯೂ ಸಮನಾಗಿದ್ದಿತು. ಆದರೆ ವ್ಯಾಯಾಮದ ಪಂಗಡಕ್ಕೆ ಸೇರಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಡುವೆಯೇ ಶಸ್ತ್ರಕ್ರಿಯೆಗೆ ಹೋದರೆಂಬುದನ್ನೂ ಸೇರಿಸಿ ಹೇಳಬೇಕು. ಎಂದರೆ ವ್ಯಾಯಾಮದಿಂದ ಸುಧಾರಿಸುವವರು ಉಂಟು, ಸುಧಾರಿಸದವರೂ ಉಂಟು. ಮೊದಲು ಅದನ್ನು ಶ್ರದ್ಧೆಯಿಂದ ಮಾಡಿ ನೋಡಿ, ಫಲವಿಲ್ಲದೆ ನಡಿಗೆಯು ದಿನೇ ದಿನೇ ಕುಗ್ಗುತ್ತ ಬಂದರೆ ಶಸ್ತ್ರದ ವಿಚಾರವನ್ನು ಮಾಡತಕ್ಕದ್ದು.

ಹಿಂದಿನ ಶಸ್ತ್ರಕ್ರಿಯೆಯಲ್ಲಿ ಬೆನ್ನಿನ ನಡುವೆ ಉದ್ದವಾಗಿ ಸೀಳಿ, ಎಲುಬಿಗೆ ಅಂಟಿದ ಸ್ನಾಯುಗಳನ್ನು ಎರಡು ಕಡೆಗೂ ಬಿಡಿಸಿ ಎಳೆದುಹಿಡಿದು, ಹಿಂಭಾಗದ ಕಮಾನನ್ನೇ ಅಗಲವಾಗಿ ತೆಗೆದುಹಾಕುತ್ತಿದ್ದರು. ನರಗಳಿಗೆ ಎಡೆಯೇನೋ ದೊರೆಯುತ್ತಿದ್ದಿತು. ಆದರೆ ಬಿಡಿಸಿದ ಸ್ನಾಯುಗಳು ಸೊರಗಿ, ಗಾಯವು ಮಾಗಲು ಹೆಚ್ಚು ದಿನ ಹಿಡಿದು, ಕೆಲವರಲ್ಲಿ ಬೆನ್ನೆಲುಬಿನ ಬಿಗಿಯೇ ಸಡಿಲವಾಗುತ್ತಿದ್ದಿತು. ಆ ಕಾಲದ ರೋಗಿಗಳ ಕಥೆಗಳೇ ಹಳ್ಳಿಹಳ್ಳಿಗಳಲ್ಲಿ ಹಬ್ಬಿ, ಬೆನ್ನಿಗೆ ಆಪರೇಷನ್ನಾದರೆ ಕಾಲು ಬಿದ್ದೇ ಹೋಗುವುದೆಂಬ ಭೀತಿಯು ಇಂದಿಗೂ ಉಳಿದುಕೊಂಡಿರುವುದು. 1977ರಿಂದ ಸೂಕ್ಷ್ಮದರ್ಶಕವನ್ನು ಬಳಸಿ ಚಿಕ್ಕ ಗಾಯದಿಂದ ಡಿಸ್ಕನ್ನು ತೆಗೆಯುವ ಕ್ರಮವು ಪ್ರಚಾರಕ್ಕೆ ಬಂದು ಈ ಕಷ್ಟವು ಬಹಳವಾಗಿ ಕಡಿಮೆಯಾಯಿತು. ಅದರ ಮುಂದಿನ ಹೆಜ್ಜೆಯೇ ಅಂತರ್ದರ್ಶಕ, ಎಂದರೆ ಎಂಡೋಸ್ಕೋಪು.

ಕೊಳವೆಯ ಮೂಲಕ ದೇಹದ ಒಳಗನ್ನು ನೋಡುವ ಆಸೆಯು ಹೊಸದಲ್ಲ. ಸುಶ್ರುತಸಂಹಿತೆಯಲ್ಲಿ 101 ಯಂತ್ರಗಳನ್ನೂ 20 ಶಸ್ತ್ರಗಳನ್ನೂ ಹೇಳಿದೆ. ಆ ಯಂತ್ರಗಳಲ್ಲಿ ನಾಡೀಯಂತ್ರಗಳೆಂಬ ಕೊಳವೆಗಳ ವರ್ಗವೊಂದಿದ್ದು, ಸ್ರೋತಸ್ಸಿನಲ್ಲಿ ಸಿಕ್ಕಿದ ಶಲ್ಯವನ್ನು ತೆಗೆಯುವುದಕ್ಕೂ, ಒಳಗಿನ ರೋಗವನ್ನು ನೋಡುವುದಕ್ಕೂ, ದ್ರವವನ್ನು ಹೀರುವುದಕ್ಕೂ, ಇತರ ಕ್ರಿಯೆಗಳನ್ನು ಸುಲಭಗೊಳಿಸುವುದಕ್ಕೂ ಅವು ಉಪಯೋಗವೆಂದು ಆಚಾರ್ಯರು ವಿಧಿಸಿರುವರು. ಇಂದಿನ ಎಂಡೋಸ್ಕೋಪಿನ ಪ್ರಯೋಜನಗಳೂ ಈ ನಾಲ್ಕೇ. ಹಾಗೆಂದು ಇಂದಿನ ಯಂತ್ರವನ್ನು ಪ್ರಾಚೀನರೇ ಮಾಡಿದ್ದರೆಂದು ಹೇಳಿಕೊಳ್ಳುವುದು ಸತ್ಯಕ್ಕೆ ದೂರವಾದೀತು. ಬೆಳಕು, ಮಸೂರಗಳಿಲ್ಲದ ಕೊಳವೆಗೆ ಬೆನ್ನೆಲುಬಿನ ಆಳವು ಕಾಣುವಂತಿರಲಿಲ್ಲ. ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ವೈದ್ಯ ಫಿಲಿಪ್ ಬೊಜಿನಿ ಎಂಬವರು 1806ರಲ್ಲಿ ಮೇಣದ ಬತ್ತಿಯ ಬೆಳಕನ್ನು ಕನ್ನಡಿಯಿಂದ ಕೊಳವೆಯೊಳಕ್ಕೆ ತಿರುಗಿಸಿ ದೇಹದ ರಂಧ್ರಗಳನ್ನು ಪರೀಕ್ಷಿಸುವ ಯಂತ್ರವನ್ನು ತೋರಿಸಿದರು. 1931ರಲ್ಲಿ ಬರ್ಮನ್ ಎಂಬ ಅಮೆರಿಕದ ವೈದ್ಯರು ಶವಗಳ ಬೆನ್ನೆಲುಬಿನ ನಾಳವನ್ನು ಇಂಥ ದರ್ಶಕದಿಂದ ನೋಡಿದರು. 1973ರಿಂದ ಫಿಲಡೆಲ್ಫಿಯದ ಪರ್ವೀಜ್ ಕಾಂಬಿನ್ ಎಂಬವರೂ, ಬಳಿಕ ಜಪಾನಿನ ಹಿಜಿಕಾಟ ಎಂಬವರೂ ಬೆನ್ನಿನ ಪಕ್ಕದಿಂದ ಸಣ್ಣ ಕೊಳವೆಯನ್ನು ತೂರಿಸಿ ಡಿಸ್ಕನ್ನು ತೆಗೆಯುವ ದಾರಿಯನ್ನು ತೆರೆದರು. ನರಕ್ಕೆ ತಗಲದೆ ಒಳಹೋಗಬಹುದಾದ ಮುಕ್ಕೋನದ ಜಾಗಕ್ಕೆ ಕಾಂಬಿನ್ ಅವರ ಹೆಸರೇ ನಿಂತಿರುವುದು. 1997ರಲ್ಲಿ ಅಮೆರಿಕದ ಫೋಲಿ, ಸ್ಮಿತ್ ಎಂಬವರು ಸ್ನಾಯುಗಳನ್ನು ಕಡಿಯದೆ ಸರಿಸಿ ಕೊಳವೆಯನ್ನಿಟ್ಟು ಎಂಡೋಸ್ಕೋಪಿನಿಂದ ಕೆಲಸ ಮಾಡುವ ಕ್ರಮವನ್ನು ವಿವರಿಸಿದರು. ಮೊದಲು ಡಿಸ್ಕಿಗೆ ಮಾತ್ರ ಮೀಸಲಾಗಿದ್ದ ಈ ವಿದ್ಯೆಯು, ಎಲುಬನ್ನು ಕೊರೆಯುವ ಸಾಧನಗಳು ಸಣ್ಣದಾದಂತೆಲ್ಲ, ಜರ್ಮನಿ, ಕೊರಿಯ ಮೊದಲಾದ ದೇಶಗಳ ವೈದ್ಯರ ಪರಿಶ್ರಮದಿಂದ ನಾಳಸಂಕೋಚಕ್ಕೂ ಅನ್ವಯವಾಯಿತು. ಇಂದು ಭಾರತದ ದೊಡ್ಡ ನಗರಗಳಲ್ಲಿಯೂ ಇದನ್ನು ಬಲ್ಲ ವೈದ್ಯರಿರುವರು.

ಈ ಕ್ರಿಯೆಯು ನಡೆಯುವ ಬಗೆ ಹೀಗೆ. ರೋಗಿಗೆ ಅರಿವಳಿಕೆಯನ್ನು ಕೊಟ್ಟು, ಹೊಟ್ಟೆಯ ಮೇಲೆ ಒತ್ತಡ ಬೀಳದಂತೆ ಬೋರಲಾಗಿ ಮಲಗಿಸುವರು. ಹೊಟ್ಟೆಯು ಸಡಿಲವಾಗಿದ್ದರೆ ಬೆನ್ನಿನ ರಕ್ತನಾಳಗಳಲ್ಲಿ ಒತ್ತಡ ತಗ್ಗಿ ರಕ್ತಸ್ರಾವ ಕಡಿಮೆಯಾಗುವುದು. ಕ್ಷ-ಕಿರಣದ ಯಂತ್ರದಿಂದ ನೋಡಿ ಯಾವ ಮಣಿಗಳ ನಡುವೆ ಹೋಗಬೇಕೆಂಬುದನ್ನು ಗುರುತಿಸುವರು. ಸುಮಾರು 8ರಿಂದ 10 ಮಿಲಿಮೀಟರಿನ ಗಾಯವನ್ನು ಮಾಡಿ, ಒಂದಕ್ಕಿಂತ ಒಂದು ದಪ್ಪನಾದ ಕಡ್ಡಿಗಳನ್ನು ತೂರಿಸಿ ಸ್ನಾಯುಗಳನ್ನು ಸೀಳದೆ ಸರಿಸುವರು. ಆ ದಾರಿಯಲ್ಲಿ ಕೊಳವೆಯನ್ನಿಟ್ಟು, ಅದರೊಳಗೆ ಎಂಡೋಸ್ಕೋಪನ್ನು ಇಳಿಸುವರು. ಆ ಒಂದೇ ಕೋಲಿನಲ್ಲಿ ಬೆಳಕು, ಮಸೂರ, ನೀರು ಹರಿಯುವ ದಾರಿ, ಆಯುಧವು ಹೋಗುವ ದಾರಿ ಎಲ್ಲವೂ ಅಡಗಿರುವುವು. ಕೆಲವರು ಒಂದರ ಬದಲು ಎರಡು ಸಣ್ಣ ಗಾಯಗಳನ್ನು ಮಾಡಿ, ಒಂದರಿಂದ ನೋಡುವುದು, ಇನ್ನೊಂದರಿಂದ ಕೆಲಸ ಮಾಡುವುದು ಎಂಬ ಕ್ರಮವನ್ನು ಅನುಸರಿಸುವರು. ಎರಡರಲ್ಲಿಯೂ ಉಪ್ಪಿನಂಶವುಳ್ಳ ಶುದ್ಧವಾದ ನೀರನ್ನು ಎಡೆಬಿಡದೆ ಹರಿಸುತ್ತಿರುವರು. ಆ ನೀರು ರಕ್ತವನ್ನು ತೊಳೆದು ನೋಟವನ್ನು ತಿಳಿಯಾಗಿಡುವುದು.

ಒಳಗಿನ ದೃಶ್ಯವು ಎದುರಿನ ಪರದೆಯ ಮೇಲೆ ದೊಡ್ಡದಾಗಿ ಮೂಡುವುದು. ವೈದ್ಯನು ಅದನ್ನು ನೋಡುತ್ತ, ಅತಿವೇಗವಾಗಿ ತಿರುಗುವ ಚಿಕ್ಕ ಬೈರಿಗೆಯಿಂದ ಮೇಲಿನ ಕಮಾನಿನ ಕೆಳಗಂಚನ್ನೂ ಕೆಳಗಿನ ಕಮಾನಿನ ಮೇಲಂಚನ್ನೂ, ದಪ್ಪನಾದ ಕೀಲಿನ ಒಳಮಗ್ಗುಲನ್ನೂ ಬೇಕಾದಷ್ಟು ಮಾತ್ರ ತೇದುಹಾಕುವನು. ಬಳಿಕ ಹಳದಿ ರಜ್ಜುವನ್ನು ಬಿಡಿಸಿ ಸಣ್ಣ ಚಿಮುಟಗಳಿಂದ ತುಣುಕುತುಣುಕಾಗಿ ಹೊರತೆಗೆಯುವನು. ಒಂದು ಮಗ್ಗುಲಿನಿಂದ ಹೋಗಿ, ಕೊಳವೆಯನ್ನು ಓರೆಮಾಡಿ, ಎದುರು ಮಗ್ಗುಲಿನ ಒತ್ತನ್ನೂ ತೆಗೆಯಬಹುದು. ಅದರಿಂದ ಆ ಕಡೆಯ ಸ್ನಾಯುಗಳು ಮುಟ್ಟದೆ ಉಳಿಯುವುವು. ಒತ್ತೆಲ್ಲ ಹೋದಾಗ ನರಗಳ ಚೀಲವು ಹಿಗ್ಗಿ, ನಾಡಿಯ ಮಿಡಿತಕ್ಕೆ ತಕ್ಕಂತೆ ಮಿಡಿಯುವುದು ಪರದೆಯ ಮೇಲೆ ಕಾಣುವುದು. ಕೆಲಸವು ಮುಗಿಯಿತೆಂಬುದಕ್ಕೆ ಅದೇ ಒಳ್ಳೆಯ ಗುರುತು. ಗಾಯಕ್ಕೆ ಒಂದೆರಡು ಹೊಲಿಗೆ ಸಾಕಾಗುವುದು. ರೋಗಿಯನ್ನು ಬಹುಮಟ್ಟಿಗೆ ಅದೇ ದಿನ ಅಥವಾ ಮರುದಿನ ನಡೆಯಿಸುವರು.

ಇದರ ಲಾಭಗಳು ಸ್ಪಷ್ಟವಾಗಿರುವುವು. ಗಾಯವು ಚಿಕ್ಕದು, ರಕ್ತನಷ್ಟ ಕಡಿಮೆ, ಮೊದಲ ದಿನಗಳ ಗಾಯದ ನೋವು ಕಡಿಮೆ, ಆಸ್ಪತ್ರೆಯ ವಾಸ ಕಡಿಮೆ, ನಂಜೇರುವ ಭಯವೂ ಕಡಿಮೆ. ವಯೋವೃದ್ಧರಿಗೆ ಬಹುದಿನ ಹಾಸಿಗೆ ಹಿಡಿಯುವುದೇ ಒಂದು ಅಪಾಯವಾದುದರಿಂದ ಈ ಲಾಭಗಳು ಅಲ್ಪವಲ್ಲ. ಆದರೆ ವರ್ಷ, ಎರಡು ವರ್ಷಗಳಾದ ಮೇಲೆ ನೋಡಿದರೆ ನಡಿಗೆ, ನೋವುಗಳ ವಿಷಯದಲ್ಲಿ ಸೂಕ್ಷ್ಮದರ್ಶಕದ ಕ್ರಿಯೆಗೂ ಇದಕ್ಕೂ ದೊಡ್ಡ ಅಂತರವು ಕಾಣುವುದಿಲ್ಲವೆಂಬುದನ್ನು ಮರೆಮಾಚಬಾರದು. ನರಗಳ ಮೇಲಿನ ಒತ್ತನ್ನು ತೆಗೆಯುವುದೇ ಎರಡರ ಉದ್ದೇಶವೂ; ದಾರಿಯು ಮಾತ್ರ ಬೇರೆ. ಆದುದರಿಂದ ಊರಿನ ಹತ್ತಿರ ಸೂಕ್ಷ್ಮದರ್ಶಕದಿಂದ ಚೆನ್ನಾಗಿ ಕೆಲಸ ಮಾಡುವ ವೈದ್ಯನಿದ್ದರೆ, ಎಂಡೋಸ್ಕೋಪೇ ಬೇಕೆಂದು ಹೊಲವನ್ನು ಒತ್ತೆಯಿಟ್ಟು ದೂರದ ನಗರಕ್ಕೆ ಓಡಬೇಕಾದುದಿಲ್ಲ.

ದೋಷಗಳನ್ನೂ ಹೇಳದಿದ್ದರೆ ಉಪನ್ಯಾಸವು ಜಾಹೀರಾತಾಗುವುದು. ನರಗಳ ಹೊದಿಕೆಯು ಹರಿದು ಅದರೊಳಗಿನ ದ್ರವವು ಸೋರಬಹುದು. ರಕ್ತವು ಹೆಪ್ಪುಗಟ್ಟಿ ಮತ್ತೆ ನರವನ್ನು ಒತ್ತಬಹುದು. ನರಕ್ಕೇ ಪೆಟ್ಟು ತಗಲಬಹುದು. ಒತ್ತೆಲ್ಲವೂ ಹೋಗದೆ ಉಳಿಯಬಹುದು. ಹರಿಸುವ ನೀರಿನ ಒತ್ತಡ ಮಿತಿಮೀರಿದರೆ ತಲೆ, ಕುತ್ತಿಗೆಗಳ ನೋವೂ, ಅಪರೂಪವಾಗಿ ಸೆಳವೂ ಬರಬಹುದು. ವರ್ಷಗಳ ಮೇಲೆ ಅದೇ ಜಾಗದಲ್ಲಿಯೋ ಪಕ್ಕದ ಜಾಗದಲ್ಲಿಯೋ ಸಂಕೋಚವು ಮರಳಿ ಬರುವುದೂ ಉಂಟು. ಮೇಲಾಗಿ ಈ ಕ್ರಿಯೆಯಿಂದ ಕಾಲಿನ ನೋವು ಇಳಿಯುವಷ್ಟು ಸೊಂಟದ ನೋವು ಇಳಿಯುವುದಿಲ್ಲ. ಬಹುಕಾಲ ಅಮುಕಿಹೋಗಿದ್ದ ನರದ ಜೋಮು ಪೂರ್ತಿಯಾಗಿ ಹೋಗದೆಯೂ ಇರಬಹುದು. ಮಣಿಯು ಮಣಿಯ ಮೇಲಿಂದ ಬಹಳವಾಗಿ ಜಾರುತ್ತಿದ್ದರೆ ಒತ್ತನ್ನು ತೆಗೆದರೆ ಮಾತ್ರ ಸಾಲದು. ಮೊಳೆ ಸಲಾಕೆಗಳಿಂದ ಬಂಧಿಸಬೇಕಾಗಬಹುದು. ಆದರೆ ಎಲ್ಲರಿಗೂ ಅದು ಬೇಕಿಲ್ಲ. 2016ರಲ್ಲಿ ಪ್ರಕಟವಾದ ಸ್ವೀಡನ್ ದೇಶದ ಪರೀಕ್ಷೆಯಲ್ಲಿ, ಒತ್ತನ್ನು ತೆಗೆದುದಲ್ಲದೆ ಮಣಿಗಳನ್ನು ಬೆಸೆದುದರಿಂದ ರೋಗಿಗಳಿಗೆ ಹೆಚ್ಚಿನ ಪ್ರಯೋಜನವಾಗಲಿಲ್ಲವೆಂದು ಕಂಡುಬಂದಿತು. ಮೊಳೆಗಳನ್ನು ಹಾಕಬೇಕೆಂದು ವೈದ್ಯನು ಹೇಳಿದರೆ ಏಕೆಂದು ಕೇಳುವ ಹಕ್ಕು ರೋಗಿಗುಂಟು.

ಇವೆಲ್ಲಕ್ಕಿಂತ ಮುಖ್ಯವಾದುದು ಮಾಡುವ ಕೈ. ಯಂತ್ರಗಳಲ್ಲೆಲ್ಲ ಹಸ್ತವೇ ಪ್ರಧಾನವೆಂದು ಸುಶ್ರುತಾಚಾರ್ಯರ ಮತ. ಶಿಷ್ಯನು ಎಷ್ಟು ಶಾಸ್ತ್ರವನ್ನು ಓದಿದ್ದರೂ ಅಭ್ಯಾಸವಿಲ್ಲದೆ ಕರ್ಮಕ್ಕೆ ಯೋಗ್ಯನಲ್ಲವೆಂದು ಅವರು ವಿಧಿಸಿ, ಕುಂಬಳ, ಸೋರೆ, ಸೌತೆ ಮೊದಲಾದ ಕಾಯಿಗಳಲ್ಲಿ ಛೇದನವನ್ನು ಅಭ್ಯಾಸ ಮಾಡಿಸಬೇಕೆಂದಿರುವರು. ಇಂದಿನ ಎಂಡೋಸ್ಕೋಪಿನ ವಿದ್ಯೆಗೂ ಈ ಮಾತು ಅಕ್ಷರಶಃ ಸಲ್ಲುವುದು. ಕಣ್ಣು ಪರದೆಯ ಮೇಲೆ, ಕೈ ರೋಗಿಯ ಬೆನ್ನಿನ ಮೇಲೆ, ಆಯುಧವು ಕಿರಿದಾದ ಕೊಳವೆಯಲ್ಲಿ, ನರವು ಕೂದಲೆಳೆಯ ದೂರದಲ್ಲಿ ಇರುವಾಗ, ಬಹುಕಾಲದ ಪರಿಶ್ರಮವಿಲ್ಲದೆ ಈ ಕೈಚಳಕವು ಬಾರದು. ಆದುದರಿಂದಲೇ ಕಲಿಯುವವರು ಮೊದಲು ಶವಗಳಲ್ಲಿ ಅಭ್ಯಾಸ ಮಾಡಿ, ಬಳಿಕ ಬಲ್ಲವರ ಜೊತೆಯಲ್ಲಿ ನಿಂತು ಕೈಕೂಡಿಸಬೇಕಾಗುವುದು. ಸತ್ತ ಮೇಲೆ ದೇಹವನ್ನು ವೈದ್ಯಕಾಲೇಜಿಗೆ ಒಪ್ಪಿಸುವವರ ದಾನವು ಇಂಥ ಕಡೆ ಫಲಿಸುವುದು. ಅದೂ ಒಂದು ದಾಸೋಹವೇ ಸರಿ.

ರೋಗಿಯೂ ಅವನ ಮನೆಯವರೂ ವೈದ್ಯನನ್ನು ಕೇಳತಕ್ಕ ಪ್ರಶ್ನೆಗಳು ಕೆಲವುಂಟು. ಕಾಲಿನ ನೋವಿಗೆ ನಾಳಸಂಕೋಚವೇ ಕಾರಣವೆಂಬುದು ಖಚಿತವೇ? ವ್ಯಾಯಾಮದಿಂದ ಇನ್ನೂ ನೋಡಬಹುದೇ? ಎಷ್ಟು ಜಾಗಗಳಲ್ಲಿ ಒತ್ತನ್ನು ತೆಗೆಯಬೇಕು? ಮಣಿಗಳು ಭದ್ರವಾಗಿವೆಯೇ? ಈ ಕ್ರಿಯೆಯನ್ನು ಈ ಮೊದಲು ಎಷ್ಟು ಸಲ ಮಾಡಿರುವಿರಿ? ನಡುವೆ ತೊಡಕಾದರೆ ದೊಡ್ಡ ಗಾಯದಿಂದ ಮುಗಿಸುವ ಸಿದ್ಧತೆಯುಂಟೇ? ಖರ್ಚು ಒಟ್ಟು ಎಷ್ಟು, ಸರಕಾರದ ಆರೋಗ್ಯ ಯೋಜನೆಗಳಲ್ಲಿ ಅದು ಸೇರುವುದೇ? ಒಳ್ಳೆಯ ವೈದ್ಯನು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ನೋವಿಲ್ಲ, ಹೊಲಿಗೆಯಿಲ್ಲ, ಅಪಾಯವಿಲ್ಲವೆಂದು ಮೂರು ಇಲ್ಲಗಳನ್ನು ಒಟ್ಟಿಗೆ ಹೇಳುವವರ ಬಳಿ ಮಾತ್ರ ಜಾಗರೂಕರಾಗಿರಬೇಕು. ಹಾಗೆಯೇ ಬೆನ್ನನ್ನು ತುಳಿಸುವುದು, ಎಳೆದು ನೆಟ್ಟಗೆ ಮಾಡಿಸುವುದು ಮೊದಲಾದ ಸಾಹಸಗಳಿಂದ ಕಿರಿದಾದ ನಾಳದಲ್ಲಿರುವ ನರಗಳಿಗೆ ಕೇಡೇ ಆಗುವುದು.

ಒಂದು ಸಂದರ್ಭದಲ್ಲಿ ಮಾತ್ರ ತಡವು ಸಲ್ಲದು. ಆಸನದ ಸುತ್ತಲೂ ತೊಡೆಗಳ ಒಳಭಾಗದಲ್ಲಿಯೂ ಸ್ಪರ್ಶಜ್ಞಾನವು ಹೋದರೆ, ಮೂತ್ರವು ಕಟ್ಟಿದರೆ ಅಥವಾ ಅರಿವಿಲ್ಲದೆ ಸೋರಿದರೆ, ಕಾಲುಗಳ ಬಲವು ಥಟ್ಟನೆ ಕುಗ್ಗಿದರೆ, ಆ ದಿನವೇ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಅಮಾವಾಸ್ಯೆ ಕಳೆಯಲಿ, ಜಾತ್ರೆ ಮುಗಿಯಲಿ, ಸುಗ್ಗಿ ಆಗಲಿ ಎಂದು ಕಾದರೆ ಹೋದ ಹತೋಟಿಯು ಮರಳದೆ ಹೋಗಬಹುದು. ವಿಶೇಷವಾಗಿ ಮುದುಕಿಯರು ಲಜ್ಜೆಯಿಂದ ಇದನ್ನು ಹೇಳಿಕೊಳ್ಳದೆ ಅಡಗಿಸುವರು. ಮನೆಯ ಹೆಣ್ಣುಮಕ್ಕಳು ಮೆಲ್ಲಗೆ ಕೇಳಿ ತಿಳಿಯಬೇಕು.

ಇದೆಲ್ಲ ಕರ್ಮಫಲ, ಅನುಭವಿಸಿಯೇ ತೀರಬೇಕು ಎಂಬ ಮಾತು ಕೆಲವರ ಬಾಯಲ್ಲಿರುವುದು. ತನ್ನ ನೋವಿನ ವಿಷಯದಲ್ಲಿ ಒಬ್ಬನು ಹಾಗೆ ಹೇಳಿಕೊಂಡು ಸಮಾಧಾನ ತಾಳಿದರೆ ಅದು ಅವನ ತಾಳ್ಮೆ. ಇನ್ನೊಬ್ಬನ ನೋವಿನ ವಿಷಯದಲ್ಲಿ ಹಾಗೆ ಹೇಳಿ ಕೈಕಟ್ಟಿ ಕುಳಿತರೆ ಅದು ದಯೆಯಿಲ್ಲದ ನಡೆ. ಶರಣರು ದಯೆಯನ್ನು ಧರ್ಮದ ಮೂಲವಾಗಿ ಎಣಿಸಿದವರು. ಕಾಯಕವನ್ನು ಪೂಜೆಗೆ ಸಮನಾಗಿ ಕಂಡವರು. ನಡೆಯಲಾರದವನಿಗೆ ನಡಿಗೆಯು ಮರಳಿದರೆ ಕಾಯಕವೂ ಮರಳಿದಂತಾಯಿತು. ಶಸ್ತ್ರವು ಬೇಡವಾದಲ್ಲಿ ಬೇಡವೆನ್ನುವ ವಿವೇಕವೂ, ಬೇಕಾದಲ್ಲಿ ಅಂಜದೆ ಒಪ್ಪುವ ಧೈರ್ಯವೂ ಎರಡೂ ಇರತಕ್ಕದ್ದು.

ಕಡೆಯದಾಗಿ, ಮಠದ ಭಕ್ತಮಂಡಲಿಯು ಹಣದ ಖರ್ಚಿಲ್ಲದೆ ಮಾಡಬಹುದಾದ ಕಾರ್ಯಗಳೂ ಉಂಟು. ಗದ್ದುಗೆಗೆ ಹೋಗುವ ದಾರಿಯಲ್ಲಿ ನೂರು ಹೆಜ್ಜೆಗೊಂದರಂತೆ ಕುಳ್ಳಿರಲು ಕಟ್ಟೆ ಅಥವಾ ಬೆಂಚು ಇರಲಿ. ವೃದ್ಧರಿಗೆ ದರ್ಶನದ ಸಾಲು ಬೇರೆಯಾಗಿರಲಿ. ಪ್ರಸಾದದ ಪಂಕ್ತಿಯಲ್ಲಿ ನೆಲದ ಮೇಲೆ ಕುಳಿತು ಏಳಲಾರದವರಿಗೆ ಕುರ್ಚಿಯನ್ನು ಇಡುವುದರಿಂದ ಪಂಕ್ತಿಗೆ ಕುಂದಿಲ್ಲ. ಪಾದಯಾತ್ರೆಯಲ್ಲಿ ಹಿಂದೆ ಉಳಿದವನನ್ನು ಸೋಮಾರಿಯೆನ್ನದೆ, "ಅಜ್ಜಾರ, ಸ್ವಲ್ಪ ಕೂತು ಬರ್ರಿ" ಎನ್ನುವ ಒಂದು ಮಾತೇ ಸಾಕಾಗುವುದು. ಆ ಮಾತು ಅವನ ನರದ ಒತ್ತನ್ನು ತೆಗೆಯಲಾರದು. ಮನಸ್ಸಿನ ಒತ್ತನ್ನು ತೆಗೆಯುವುದು. ನರದ ಒತ್ತನ್ನು ತೆಗೆಯುವ ವಿದ್ಯೆಯೂ ಲೋಕದಲ್ಲಿ ಉಂಟೆಂಬುದನ್ನು ಅವನಿಗೆ ತಿಳಿಸಿ, ಬಲ್ಲ ವೈದ್ಯನ ಬಾಗಿಲವರೆಗೆ ಕೈಹಿಡಿದು ನಡೆಯಿಸಿದರೆ ಈ ಮಹೋತ್ಸವದ ಸೇವೆಯು ಸಾರ್ಥಕವಾಗುವುದು.